ಕಾಂಡ್ಲಬೈಲಿನ ಹುಳಿ ನೆಲ

ಮೇ ತಿಂಗಳ ಒಂದು ಸೋಮವಾರ ಬೆಳಗಿನ ಆರೂವರೆಯ ಬಸ್ಸಿಗೆ ಮಂಗಳೂರು ಬಿಟ್ಟೆ. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ಆರೇಳು ವರ್ಷವಾಗಿದ್ದ ಕಾಲ ಅದು. ಕೈಯಲ್ಲಿ ಒಂದು ಟ್ರಂಕು, ಬಸ್ಸಿನ ಮೇಲೆ ಮಣ್ಣು ಕೊರೆಯುವ ಆಳೆತ್ತರದ ಕಬ್ಬಿಣದ ಬೈರಿಗೆ. ಕಂಡಕ್ಟರು ಅದನ್ನು ಬಾವಿ ತೋಡುವ ಸಾಮಾನು ಎಂದುಕೊಂಡು, ತನ್ನ ಮನೆಯ ಹಿತ್ತಲಲ್ಲಿ ನೀರು ಸಿಗಬಹುದೇ ಎಂದು ವಿಚಾರಿಸಿದರು. ನನಗೆ ನೀರಿನ ವಿದ್ಯೆ ಗೊತ್ತಿಲ್ಲ, ಮಣ್ಣು ಪರೀಕ್ಷೆ ಮಾಡುವವನು ಎಂದೆ. ಅವರಿಗೆ ನಿರಾಸೆಯಾಯಿತು.

ನಾನು ಆಗ ಒಂದು ಸಣ್ಣ ಪ್ರಯೋಗಶಾಲೆಯಲ್ಲಿ ಕೆಲಸದಲ್ಲಿದ್ದೆ. ಈ ಪ್ರಯಾಣವನ್ನು ನಾನೇ ಕೇಳಿ ಪಡೆದಿದ್ದೆ. ಅದಕ್ಕೆ ಕಾರಣವನ್ನು ಮಾತ್ರ ಕಚೇರಿಯಲ್ಲಿ ಯಾರಿಗೂ ಹೇಳಿರಲಿಲ್ಲ.

ನಾಲ್ಕು ವರ್ಷಗಳ ಹಿಂದೆ ಕುಂದಾಪುರದ ಹತ್ತಿರ, ಹೊಳೆಯ ಹಿನ್ನೀರಿನ ಬದಿಯ ಕಾಂಡ್ಲಬೈಲು ಎಂಬ ಜಾಗಕ್ಕೆ ಹೋಗಿದ್ದೆ. ಅಲ್ಲಿ ಸುಮಾರು ನಲವತ್ತು ಎಕರೆ ಕೆಸರು ನೆಲ, ಅದರ ತುಂಬ ಉಪ್ಪುನೀರಿನಲ್ಲೇ ಬೇರುಬಿಟ್ಟು ಬೆಳೆಯುವ ಕಾಂಡ್ಲ ಗಿಡ. ದಿನಕ್ಕೆ ಎರಡು ಸಲ ಉಪ್ಪುನೀರು ಏರಿ ಇಳಿಯುತ್ತಿತ್ತು. ಗಿಡ ಕಡಿದು, ನೀರು ಬಾರದಂತೆ ಕಟ್ಟು ಹಾಕಿದರೆ ಭತ್ತ ಬೆಳೆಯಬಹುದೇ ಎಂದು ಊರಿನವರು ಕೇಳಿದ್ದರು. ನಾನು ಹಸಿ ಕೆಸರನ್ನು ಪರೀಕ್ಷಿಸಿದೆ. ಉಪ್ಪು ಬಿಟ್ಟರೆ ಬೇರೆ ದೋಷ ಕಾಣಲಿಲ್ಲ. ಎರಡು ಮಳೆಗಾಲದಲ್ಲಿ ಉಪ್ಪು ತೊಳೆದು ಹೋಗುತ್ತದೆ, ನೆಲ ಕೃಷಿಗೆ ಯೋಗ್ಯ ಎಂದು ಬರೆದುಕೊಟ್ಟೆ. ಅವರು ಕಟ್ಟು ಕಟ್ಟಿದರು. ಮೊದಲ ವರ್ಷ ಅಷ್ಟಿಷ್ಟು ಬೆಳೆ ಬಂತು. ಮರುವರ್ಷ ಪೈರು ಮೊಳಕಾಲೆತ್ತರಕ್ಕೆ ಬಂದು ಸುಟ್ಟುಹೋಯಿತು. ಮೂರನೆಯ ವರ್ಷ, ಗದ್ದೆಯ ನೀರು ಕೆಂಪಾಗಿದೆ, ತೋಡಿನ ಮೀನು ಸತ್ತು ತೇಲುತ್ತಿದೆ ಎಂದು ಕಾಗದ ಬಂತು.

ಆ ಕಾಗದ ಓದಿದ ದಿನ ಕಪಾಟಿನ ಹಿಂದಿದ್ದ ಹಳೆಯ ಪೊಟ್ಟಣ ತೆಗೆದೆ. ನಾಲ್ಕು ವರ್ಷ ಗಾಳಿಯಲ್ಲಿ ಒಣಗಿದ ಅದೇ ಕೆಸರು. ನೀರಿನಲ್ಲಿ ಕದಡಿ ಪರೀಕ್ಷೆಯ ಕಾಗದ ಅದ್ದಿದೆ. ಕಾಗದ ಕಡುಗೆಂಪಾಯಿತು. ಹಸಿಯಾಗಿದ್ದಾಗ ಸುಮ್ಮನಿದ್ದ ಮಣ್ಣು ಒಣಗಿದ ಮೇಲೆ ಆಮ್ಲವಾಗಿತ್ತು. ಅಂದು ಒಂದು ಹಿಡಿಯನ್ನು ಒಣಗಿಸಿ ನೋಡಿದ್ದರೆ ತಿಂಗಳೊಳಗೆ ಗೊತ್ತಾಗುತ್ತಿತ್ತು. ನಾನು ನೋಡಿರಲಿಲ್ಲ.

ಆಗ ದಾರಿಯ ಎಲ್ಲ ಹೊಳೆಗಳಿಗೂ ಸೇತುವೆ ಇರಲಿಲ್ಲ. ಬಸ್ಸಿನಿಂದ ಇಳಿದು, ದೋಣಿಯಲ್ಲಿ ದಾಟಿ, ಆಚೆ ದಡದಲ್ಲಿ ಕಾದಿದ್ದ ಬಸ್ಸು ಹತ್ತಬೇಕಾಗಿತ್ತು. ಬೈರಿಗೆಯನ್ನು ಹೆಗಲ ಮೇಲೆ ಹೊತ್ತು ಹೊತ್ತು ಭುಜ ಕೆಂಪಾಯಿತು. ಬ್ರಹ್ಮಾವರ ತಲುಪುವಾಗ ಹನ್ನೊಂದೂವರೆ. ಹೋಟೆಲೊಂದರಲ್ಲಿ ಕುಚ್ಚಲಕ್ಕಿ ಗಂಜಿ, ಮಾವಿನ ಮಿಡಿ ಉಪ್ಪಿನಕಾಯಿ ಸಿಕ್ಕಿತು.

ಬ್ರಹ್ಮಾವರದಲ್ಲಿ ಇಳಿದದ್ದು ಸುಣ್ಣಕ್ಕಾಗಿ. ಹುಳಿ ಮಣ್ಣಿಗೆ ಸುಣ್ಣ ಮದ್ದು ಎಂದು ಪುಸ್ತಕ ಹೇಳುತ್ತದೆ. ಹೊಳೆಯ ಬದಿಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುವ ಗೂಡಿದೆ ಎಂದು ಹೋಟೆಲಿನವರು ದಾರಿ ತೋರಿಸಿದರು. ಬಿಸಿಲಿನಲ್ಲಿ ಒಂದು ಮೈಲಿ ನಡೆದೆ. ಗೂಡಿನ ಮಾಲೀಕರು ಮೈತುಂಬ ಬಿಳಿ ಧೂಳು ಮೆತ್ತಿಕೊಂಡು ಕೂತಿದ್ದರು. ಎಷ್ಟು ದೊಡ್ಡ ಮನೆಗೆ ಸುಣ್ಣ ಬಳಿಯುವುದು ಎಂದು ಕೇಳಿದರು. ಮನೆಗಲ್ಲ, ನಲವತ್ತು ಎಕರೆ ಗದ್ದೆಗೆ ಎಂದೆ. ಅವರು ನಕ್ಕರು. ನಾನು ನಗದಿದ್ದುದನ್ನು ನೋಡಿ ಎದ್ದು ಬಂದು, ಎಕರೆಗೆ ಎಷ್ಟು ಬೇಕಾಗಬಹುದು ಎಂದು ಗಂಭೀರವಾಗಿ ವಿಚಾರಿಸಿದರು. ಹೇಳಿದೆ. ವರ್ಷವಿಡೀ ಗೂಡು ಉರಿಸಿದರೂ ಒಂದು ಮೂಲೆಗೆ ಸಾಲದು, ಹೊಳೆಯಲ್ಲಿ ಅಷ್ಟು ಚಿಪ್ಪೂ ಇಲ್ಲ ಎಂದರು. ಅಲ್ಲಿಯವರೆಗೆ ನನ್ನ ಮನಸ್ಸಿನಲ್ಲಿ ಒಂದು ಸಣ್ಣ ಆಸೆ ಇತ್ತು. ಅದನ್ನು ಆ ಗೂಡಿನ ಹತ್ತಿರವೇ ಬಿಟ್ಟು ಸಂಜೆಯ ಬಸ್ಸಿಗೆ ಕುಂದಾಪುರಕ್ಕೆ ಹೋದೆ.

ಮಂಗಳವಾರ ಬೆಳಿಗ್ಗೆ ಕುಂದಾಪುರದಿಂದ ಸಣ್ಣ ದೋಣಿಯಲ್ಲಿ ಹೊರಟೆ. ಹೊಳೆ ತಿಳಿಯಾಗಿತ್ತು. ಮುಕ್ಕಾಲು ಗಂಟೆಯ ಮೇಲೆ ಕಾಂಡ್ಲಬೈಲಿನ ಕಟ್ಟು ಕಾಣಿಸಿತು. ಕೆಂಪುಕಲ್ಲು ಮತ್ತು ಕೆಸರು ಸೇರಿಸಿ ಕಟ್ಟಿದ, ಎತ್ತಿನಗಾಡಿ ಹೋಗುವಷ್ಟು ಅಗಲದ ಕಟ್ಟು. ಅದರ ತೂಬಿನಿಂದ ಬೀಳುತ್ತಿದ್ದ ನೀರು ತುಕ್ಕಿನ ಬಣ್ಣದ್ದು. ಅದು ಹೊಳೆಗೆ ಸೇರುವ ಕಡೆ ಕಲ್ಲುಗಳೆಲ್ಲ ಕಿತ್ತಳೆ ಬಣ್ಣಕ್ಕೆ ತಿರುಗಿದ್ದವು. ಅಂಬಿಗ ಅಲ್ಲಿ ಹುಟ್ಟು ಅದ್ದದೆ ದೋಣಿಯನ್ನು ತೇಲಲು ಬಿಟ್ಟ. ಮೊದಲು ಈ ಮೂಲೆಯಲ್ಲಿ ಏಡಿ ಹಿಡಿಯುತ್ತಿದ್ದೆ ಎಂದಷ್ಟೇ ಹೇಳಿದ.

ಮಂಜಯ್ಯ ಶೆಟ್ರು ಕಟ್ಟಿನ ಮೇಲೆ ನಿಂತಿದ್ದರು. ಕಟ್ಟಿನ ಕೆಲಸಕ್ಕೆ ಅವರೇ ಮುಂದಾಳು. ಅದಕ್ಕೂ ಮೊದಲು ಹದಿನೈದು ವರ್ಷ ಬೊಂಬಾಯಿಯ ಹೋಟೆಲೊಂದರಲ್ಲಿದ್ದರು. ನನ್ನ ವರದಿಯ ಸುದ್ದಿ ಕೇಳಿ, ಇನ್ನು ಊರಲ್ಲೇ ಗೇಯ್ದು ಉಣ್ಣಬಹುದು ಎಂದು ಅಲ್ಲಿಯ ಕೆಲಸ ಬಿಟ್ಟು ಬಂದವರು. ಅವರ ಪಕ್ಕದಲ್ಲಿ ಅಕ್ಕ ಗುಲಾಬಿಯಮ್ಮ, ವಿಧವೆ, ತಮ್ಮನ ಮನೆಯಲ್ಲೇ ಇದ್ದವರು. ಕಟ್ಟಿಗೆ ಏಳು ತಿಂಗಳು ಕೆಸರು ಹೊತ್ತ ಹೆಂಗಸರಲ್ಲಿ ಅವರೂ ಒಬ್ಬರು. ಇಬ್ಬರೂ ಬೈಯಲಿಲ್ಲ. ಶೆಟ್ರು ಬೈರಿಗೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಹೆಗಲಿಗೇರಿಸಿ ಮುಂದೆ ನಡೆದರು.

ಗದ್ದೆ ಬಿರುಕು ಬಿಟ್ಟು ಬಿದ್ದಿತ್ತು. ಹುಲ್ಲಿನ ಒಂದು ಎಸಳೂ ಇರಲಿಲ್ಲ. ಕಡಿದ ಕಾಂಡ್ಲದ ಬುಡಗಳು ಕಪ್ಪಾಗಿ ಎದ್ದು ನಿಂತಿದ್ದವು. ನಾಲ್ಕು ಕಡೆ ಕೊರೆದೆವು. ಒಂದು ಗೇಣಿನ ಕೆಳಗೆ ಅರಸಿನ ಕಲಸಿದಂಥ ಹಳದಿ ಗೆರೆಗಳು. ಮೊಳದ ಕೆಳಗೆ ನೀಲಿ ಕಪ್ಪು ಕೆಸರು, ಕೊಳೆತ ಮೊಟ್ಟೆಯ ನಾತ. ಮೇಲಿನ ಮಣ್ಣಿಗೆ ಪರೀಕ್ಷೆಯ ಕಾಗದ ಹಿಡಿದಾಗ ನಾಲ್ಕು ಕಡೆಯೂ ಕೆಂಪೇ. ಶೆಟ್ರು ತಮ್ಮ ಗುದ್ದಲಿಯನ್ನು ತಂದು ತೋರಿಸಿದರು. ಎರಡು ವರ್ಷದ ಹಿಂದೆ ಕೊಂಡದ್ದು, ಅಲಗು ಹುಳ ತಿಂದ ಎಲೆಯಂತೆ ತೂತಾಗಿತ್ತು. ಗುಲಾಬಿಯಮ್ಮ ಏನನ್ನೂ ತೋರಿಸಲಿಲ್ಲ. ಅವರ ಕಾಲ ಬೆರಳ ಸಂದಿಗಳು ಒಡೆದು ಹುಣ್ಣಾಗಿದ್ದುದು ನನಗೇ ಕಂಡಿತು. ನಟ್ಟಿ ಮಾಡಿದ ಎಲ್ಲ ಹೆಂಗಸರಿಗೂ ಹಾಗೆಯೇ ಎಂದು ಆಮೇಲೆ ತಿಳಿಯಿತು.

ಅವರ ಮನೆಯ ಜಗಲಿಯಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಉಪ್ಪುನೀರು ನಿಂತಿದ್ದಷ್ಟು ದಿನ ಈ ಕೆಸರಿಗೆ ಗಾಳಿ ತಾಗಿರಲಿಲ್ಲ. ಕಟ್ಟು ಹಾಕಿ ನೀರು ಬಸಿದಾಗ ಗಾಳಿ ತಾಗಿ ಅದರೊಳಗಿನ ಗಂಧಕ ಆಮ್ಲವಾಯಿತು. ಪೈರನ್ನು ಸುಟ್ಟದ್ದು ಉಪ್ಪಲ್ಲ, ಅದು. ಮೊದಲೇ ಒಣಗಿಸಿ ನೋಡದೆ ಬರೆದದ್ದು ನನ್ನ ತಪ್ಪು ಎಂದೂ ಹೇಳಿದೆ.

"ಈ ಮಣ್ಣ್ ಸಮ ಆಪುಕೆ ಎಷ್ಟ್ ವರ್ಷ ಬೇಕ್?" ಎಂದು ಶೆಟ್ರು ಕೇಳಿದರು.

"ಭತ್ತಕ್ಕೆ ನಮ್ಮ ಕಾಲದಲ್ಲಿ ಆಗಲಿಕ್ಕಿಲ್ಲ ಶೆಟ್ರೆ. ಕಟ್ಟು ಕಡಿದು ಉಪ್ಪುನೀರನ್ನು ಮತ್ತೆ ಒಳಗೆ ಬಿಡಬೇಕು. ಬೇರೆ ದಾರಿ ನನಗೆ ಕಾಣುವುದಿಲ್ಲ."

ಗುಲಾಬಿಯಮ್ಮ ಒಳಗಿನಿಂದ ಬಾಗಿಲಿಗೆ ಬಂದು ನಿಂತರು. "ನೀರ್ ಹುಳಿ ಇತ್ತ್ ಅಂದ್ಹೇಳಿ ನಾವ್ ಹೆಂಗ್ಸ್ರ್ ಮೊದ್ಲ್ ವರ್ಷವೇ ಹೇಳಿತ್ತ್. ಯಾರೂ ಕೇಣ್ಲಿಲ್ಲ" ಎಂದರು. ಅದನ್ನು ನನಗಲ್ಲ, ತಮ್ಮನಿಗೆ ಹೇಳಿದಂತಿತ್ತು.

ಕಡಿಯುವುದಾದರೆ ಒಮ್ಮೆಲೇ ಕಡಿಯಬಾರದು, ಒಳಗಿನ ಹುಳಿನೀರು ಹೊಳೆಗೆ ನುಗ್ಗಿದರೆ ಕೆಳಗಿನ ಮೀನೆಲ್ಲ ಸಾಯುತ್ತದೆ ಎಂದು ಎಚ್ಚರಿಸಿದೆ. ಗುರುವಾರ ಅಮಾವಾಸ್ಯೆ. ದೊಡ್ಡ ಉಬ್ಬರದ ಹೊತ್ತಿಗೆ ಸಣ್ಣ ಬಾಯಿ ಮಾಡಿ, ಸ್ವಲ್ಪ ಸ್ವಲ್ಪವೇ ನೀರು ಬಿಟ್ಟುಕೊಳ್ಳಬಹುದು. ಆದರೆ ಅದಕ್ಕೆ ಕಚೇರಿಯ ಅಪ್ಪಣೆ ಬರಬೇಕು, ತಿಂಗಳುಗಳು ಹಿಡಿಯಬಹುದು ಎಂದೆ.

ಬುಧವಾರ ಬೈಂದೂರಿಗೆ ಹೋದೆ. ಹೊಳೆ ದಾಟಿ ಬಸ್ಸು ಹಿಡಿದು ಇಪ್ಪತ್ತು ಮೈಲಿ. ಮರವಂತೆಯಲ್ಲಿ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹೊಳೆ. ಬಸ್ಸಿನಲ್ಲಿದ್ದವರೆಲ್ಲ ಕಡಲ ಕಡೆ ನೋಡಿದರು. ನಾನು ಹೊಳೆಯ ಕಡೆಯ ಕೆಸರು ನೋಡುತ್ತಿದ್ದೆ.

ಬೈಂದೂರಿನ ಹಿನ್ನೀರಿನ ಬದಿಯಲ್ಲಿಯೂ ಅಂಥದೇ ಒಂದು ಕಟ್ಟು ಏಳುತ್ತಿದೆ ಎಂದು ಕಚೇರಿಗೆ ಬಂದ ಅರ್ಜಿಯಿಂದ ತಿಳಿದಿತ್ತು. ನೋಡಿದರೆ ಕಾಂಡ್ಲವನ್ನೆಲ್ಲ ಆಗಲೇ ಕಡಿದು ರಾಶಿ ಹಾಕಿದ್ದರು. ಕಟ್ಟು ಎರಡು ಕಡೆಯಿಂದಲೂ ಬಂದು ನಡುವೆ ಹತ್ತು ಮಾರಿನ ಬಾಯಿ ಮಾತ್ರ ಉಳಿದಿತ್ತು. ಮಳೆಗೆ ಮೊದಲು ಅದನ್ನೂ ಮುಚ್ಚುವ ಏರ್ಪಾಡು. ಮುಂದೆ ನಿಂತು ಮಾಡಿಸುತ್ತಿದ್ದವರು ಶಂಭು ಮಾಸ್ಟ್ರು, ನಿವೃತ್ತರಾದ ಶಾಲಾ ಉಪಾಧ್ಯಾಯರು. ನನ್ನ ಹೆಸರು ಕೇಳಿ ಬಹಳ ಸಂತೋಷಪಟ್ಟರು. ಎಳನೀರು ತರಿಸಿದರು. ಆಮೇಲೆ ಅಂಗಿಯ ಕಿಸೆಯಿಂದ ಟೈಪು ಮಾಡಿದ ಹಾಳೆಯೊಂದನ್ನು ತೆಗೆದರು. ಅದು ಕಾಂಡ್ಲಬೈಲಿನ ಬಗ್ಗೆ ನಾನು ಬರೆದ ವರದಿಯ ಪ್ರತಿ. ಅದನ್ನು ನೋಡಿಯೇ ಈ ಊರಿನವರು ಧೈರ್ಯ ಮಾಡಿದ್ದಂತೆ.

ನಾನು ಕೊರೆದು ನೋಡಿದೆ. ಅದೇ ನೀಲಿ ಕೆಸರು, ಅದೇ ನಾತ. ಕಟ್ಟಿನ ಬಾಯಿ ಮುಚ್ಚಬೇಡಿ ಎಂದೆ. ಸುತ್ತ ನಿಂತವರ ಮುಖ ಬಿಗಿಯಿತು. ಕಟ್ಟು ಬೇಡವೆನ್ನುವ ಮೀನುಗಾರರ ಮಾತು ಕೇಳಿ ಹೀಗೆ ಹೇಳುತ್ತಿದ್ದಾರೆ ಎಂದು ಹಿಂದಿನಿಂದ ಯಾರೋ ಅಂದರು. ಮಾಸ್ಟ್ರು ಸಿಟ್ಟಾಗಲಿಲ್ಲ. ಹಾಳೆ ಬಿಡಿಸಿ, ಮಕ್ಕಳಿಗೆ ಪಾಠ ಓದುವಂತೆ ನಿಧಾನವಾಗಿ ನನ್ನದೇ ವಾಕ್ಯಗಳನ್ನು ಗಟ್ಟಿಯಾಗಿ ಓದಿದರು. "ಉಪ್ಪಿನಂಶವಲ್ಲದೆ ಬೇರೆ ದೋಷವಿಲ್ಲ" ಎಂಬಲ್ಲಿ ನಿಲ್ಲಿಸಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಇದ್ ನೀವೇ ಬರದ್ದಲ್ದಾ?"

"ನಾನೇ ಮಾಸ್ಟ್ರೇ. ಅದು ತಪ್ಪು."

"ಹಾಂಗಾರೆ ಈಗ ಹೇಳುದ್ ಸಮ ಅಂದ್ಹೇಳಿ ನಾವ್ ಹ್ಯಾಂಗ್ ನಂಬುದ್?"

ನನ್ನ ಮಾತು ನಂಬಬೇಡಿ, ನಾಳೆ ನನ್ನೊಡನೆ ಬಂದು ಕಣ್ಣಾರೆ ನೋಡಿ ಎಂದೆ. ಅವರು ಒಪ್ಪಿದರು. ಆ ದಿನ ಅವರ ಮನೆಯಲ್ಲೇ ಉಳಿದೆ. ಊಟಕ್ಕೆ ಬಂಗುಡೆ ಸಾರು ಮಾಡಿದ್ದರು.

ಗುರುವಾರ ನಾವಿಬ್ಬರು ದೋಣಿಯಲ್ಲಿ ಕಾಂಡ್ಲಬೈಲಿನ ಹತ್ತಿರ ಬಂದಾಗ ಕಟ್ಟಿನ ಮೇಲೆ ಹತ್ತಿಪ್ಪತ್ತು ಜನ ಕಂಡರು. ಮಂಜಯ್ಯ ಶೆಟ್ರು ಹೆಗಲ ಬೈರಾಸನ್ನು ಸೊಂಟಕ್ಕೆ ಬಿಗಿದುಕೊಂಡು ಕಟ್ಟು ಅಗೆಯುತ್ತಿದ್ದರು. ಅಪ್ಪಣೆ ಬಂದಿಲ್ಲವಲ್ಲ ಎಂದು ನಾನು ಕೇಳಿದೆನೋ ಇಲ್ಲವೋ ನೆನಪಿಲ್ಲ. ಅವರು ಮಾತ್ರ ನನ್ನ ಮುಖ ನೋಡಿ, "ಕಟ್ಟುಕೆ ನಿಮ್ಮ್ ಕಾಗ್ದ ಬೇಕಿತ್ತ್. ಇದ್ಕ್ ಬ್ಯಾಡ" ಎಂದರು. ಮಾತಿನಲ್ಲಿ ವ್ಯಂಗ್ಯವಿರಲಿಲ್ಲ.

ಮಾಸ್ಟ್ರು ಚಪ್ಪಲಿ ಬಿಟ್ಟು ಗದ್ದೆಗೆ ಇಳಿದರು. ಒಬ್ಬರೇ ಆ ತುದಿಯವರೆಗೆ ನಡೆದು ಹೋದರು. ಕೂತು ಮಣ್ಣು ಒಡೆದು ಮೂಸಿದರು. ತೋಡಿನ ಕೆಂಪು ನೀರನ್ನು ಬೆರಳಲ್ಲಿ ಅದ್ದಿ ನಾಲಗೆಗೆ ಮುಟ್ಟಿಸಿ ಉಗಿದರು. ವಾಪಸು ಬಂದು ಗುಲಾಬಿಯಮ್ಮನ ಹತ್ತಿರ ತಗ್ಗಿದ ಸ್ವರದಲ್ಲಿ ಏನೋ ಕೇಳಿದರು, ಅವರೂ ಹಾಗೆಯೇ ಉತ್ತರಿಸಿದರು. ಆಮೇಲೆ ಮಾಸ್ಟ್ರು ನನ್ನ ಕಡೆ ತಿರುಗಿ, ನಮ್ಮ ಕಟ್ಟಿನ ಬಾಯಿ ಮುಚ್ಚಿಸುವುದಿಲ್ಲ, ಆದರೆ ಕಡಿದ ಕಾಂಡ್ಲವನ್ನು ಇನ್ನು ಯಾರು ನೆಡುತ್ತಾರೆ ಎಂದರು. ಅವರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಕಟ್ಟಿನ ಕಲ್ಲಿನ ಮೇಲೆ ಕೂತು ಮೋರೆ ಒರೆಸಿಕೊಂಡರು.

ನಾನೂ ಒಂದು ಗುದ್ದಲಿ ತೆಗೆದುಕೊಂಡೆ. ಯಾರೂ ಬೇಡ ಎನ್ನಲಿಲ್ಲ, ಬನ್ನಿ ಎನ್ನಲೂ ಇಲ್ಲ. ಏಳು ತಿಂಗಳು ತುಳಿದು ತುಳಿದು ಗಟ್ಟಿ ಮಾಡಿದ ಮಣ್ಣು, ಸುಲಭಕ್ಕೆ ಬಿಡಲಿಲ್ಲ. ಉಬ್ಬರ ಏರಿದಾಗ ಮೊದಲು ಒಂದು ಸಣ್ಣ ಎಳೆ ನೀರು ಒಳಗೆ ಹರಿಯಿತು. ಕೈಯಗಲವಾಯಿತು. ಅಷ್ಟರಲ್ಲಿ ಶೆಟ್ರು ಕೆಲಸ ನಿಲ್ಲಿಸಿದರು. ಹೊಳೆಯ ನೀರು ಬಿರುಕುಗಳಿಗೆ ಇಳಿಯುವಾಗ ನೆಲದೊಳಗಿಂದ ಗುಳುಗುಳು ಸದ್ದು ಬರುತ್ತಿತ್ತು. ಜನರೆಲ್ಲ ನಿಂತು ಅದನ್ನು ಕೇಳಿದರು. ಒಬ್ಬಾಕೆ ಸೆರಗು ಬಾಯಿಗೆ ಒತ್ತಿಕೊಂಡು ಮನೆಯ ಕಡೆ ಹೋದಳು.

ಮಳೆ ಹಿಡಿಯುವ ಮೊದಲೇ ಬೊಂಬಾಯಿಗೆ ಹೋಗುತ್ತೇನೆ ಎಂದು ಶೆಟ್ರು ಹೇಳಿದರು. ಹಳೆಯ ಹೋಟೆಲಿನವರು ತೆಗೆದುಕೊಳ್ಳುತ್ತಾರೋ ಇಲ್ಲವೋ ಗೊತ್ತಿರಲಿಲ್ಲ. ನಲವತ್ತೈದು ದಾಟಿದವನಿಗೆ ಮತ್ತೆ ಲೋಟ ತೊಳೆಯುವುದರಿಂದ ಶುರು ಮಾಡಬೇಕಾಗಬಹುದು ಎಂದು ಅವರೇ ಅಂದರು. ನಾನು ಅವರ ಕೈ ಹಿಡಿದೆ. ಬಿಡಿಸಿಕೊಳ್ಳಲಿಲ್ಲ. ಅದಕ್ಕಿಂತ ಹೆಚ್ಚಿನದನ್ನು ನಾನೂ ಬಯಸಲಿಲ್ಲ.

ದೋಣಿ ಹತ್ತುವಾಗ ಗುಲಾಬಿಯಮ್ಮ ದಡದವರೆಗೆ ಬಂದರು. ತಾನು ಎಲ್ಲಿಗೂ ಹೋಗುವುದಿಲ್ಲ, ಮೊದಲೆಲ್ಲ ಈ ತೋಡಿನ ಏಡಿ, ಮೀನಿನಲ್ಲೇ ದಿನ ಕಳೆದಿತ್ತು ಎಂದರು. ಆಮೇಲೆ ಕೇಳಿದರು:

"ಏಡಿ ತಿರ್ಗಿ ಬಪ್ಪುಕೆ ಎಷ್ಟ್ ವರ್ಷ ಬೇಕ್?"

ಟ್ರಂಕಿನಲ್ಲಿ ನನ್ನ ಪುಸ್ತಕಗಳಿದ್ದವು. ಯಾವುದರಲ್ಲೂ ಅದು ಇರಲಿಲ್ಲ. "ನನಗೆ ಗೊತ್ತಿಲ್ಲ ಅಕ್ಕ" ಎಂದೆ.

"ಹಾಂಗಾರೆ ಕಾಂಬ" ಎಂದು, ನೋಡಿಯೇ ತಿಳಿಯಬೇಕೆಂಬಂತೆ ಹೇಳಿ ಅವರು ಕಟ್ಟಿನ ಕಡೆ ತಿರುಗಿದರು.

ಮಾಸ್ಟ್ರೂ ದೋಣಿ ಹತ್ತಿದರು. ಅಂಬಿಗ ಹುಟ್ಟು ಹಾಕಿದ. ತಿರುವು ದಾಟುವವರೆಗೂ ಹಿಂದೆ ನೋಡುತ್ತಿದ್ದೆ. ಜನ ಚದುರಿದ್ದರು. ಗುಲಾಬಿಯಮ್ಮ ಒಬ್ಬರೇ ಕಡಿದ ಜಾಗದ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಒಳಗೆ ಹೋಗುತ್ತಿದ್ದ ನೀರನ್ನು ನೋಡುತ್ತಿದ್ದರು.