ಇಲಿಗಳು ತಿಂದ ಬೇಸಿಗೆ

ಓಸ್ತಾಪ್ ಪನಾಸ್ ಎಂಬ ಹೆಸರು ಕೇಳಿದರೆ ಮ್ಯಾನಿಟೋಬಾ ಪ್ರಾಂತ್ಯದ ಇಡೀ ಇಲಿಕುಲವೇ ಗಡಗಡ ನಡುಗುತ್ತಿತ್ತು. ಹಾಗೆಂದು ಓಸ್ತಾಪನೇ ಹೇಳಿಕೊಳ್ಳುತ್ತಿದ್ದ. ಇಲಿಗಳನ್ನು ಯಾರೂ ಕೇಳಿರಲಿಲ್ಲ. ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದ ಈ ಮಹಾಶೂರ, ಹಾಸಿಗೆ, ಒಲೆ, ಬಚ್ಚಲು ಎಲ್ಲವೂ ಒಳಗೇ ಇದ್ದ ತನ್ನ ಗಾಲಿಮನೆಯನ್ನು ಪ್ರತಿ ಅಕ್ಟೋಬರಿನಲ್ಲಿ ಚಳಿಗಾಲಕ್ಕೆ ಇಂಥ ಗಾಡಿಗಳನ್ನು ಬಾಡಿಗೆಗೆ ನಿಲ್ಲಿಸಿಕೊಳ್ಳುತ್ತಿದ್ದ ಹಿಲ್ಡಾ ಫ್ರೀಸೆನ್‌ಳ ದೊಡ್ಡ ಕೊಟ್ಟಿಗೆಗೆ ತಂದು ಯುದ್ಧ ಸಾರುತ್ತಿದ್ದ. ಮೂಲೆ ಮೂಲೆಗೆ ಪುದೀನ ಎಣ್ಣೆಯಲ್ಲಿ ಅದ್ದಿದ ಹತ್ತಿ, ತೂತು ತೂತಿಗೆ ಪಾತ್ರೆ ತಿಕ್ಕುವ ತಂತಿನಾರು, ಬಾಗಿಲ ಬಳಿ ಮೂರು ಬೋನು. ಕೊಳವೆಗಳಲ್ಲಿ ನೀರು ಹೆಪ್ಪುಗಟ್ಟಿ ಅವು ಒಡೆಯದಿರಲೆಂದು ಗುಲಾಬಿ ಬಣ್ಣದ ದ್ರವ. ಆಮೇಲೆ ಐದು ತಿಂಗಳು ಹಿಮ.

ಏಪ್ರಿಲ್ ಕೊನೆಗೆ ಗಾಲಿಮನೆ ತೆರೆಯುವ ದಿನ ಅವರ ಮನೆಯಲ್ಲಿ ಈಸ್ಟರಿಗಿಂತ ದೊಡ್ಡ ಹಬ್ಬ. ಅದಕ್ಕೊಂದು ಕಟ್ಟಳೆಯೂ ಇತ್ತು. ಹೆಂಡತಿ ಸ್ತೆಫಾ ಬೇಸಿಗೆಯ ಪ್ರಯಾಣದ ಪ್ರತಿದಿನವೂ ಒಂದು ಪುಟ ಬರೆಯುತ್ತಿದ್ದಳು. ಅದನ್ನು ಓಸ್ತಾಪ್ ಮುಟ್ಟುವಂತಿರಲಿಲ್ಲ. ಪುಸ್ತಕ ಚಳಿಗಾಲವೆಲ್ಲ ಮೇಜಿನ ಕೆಳಗಿನ ಪೆಟ್ಟಿಗೆಯಲ್ಲೇ ಮಲಗಬೇಕು. ವಸಂತದಲ್ಲಿ ನಲ್ಲಿ ತಿರುಗಿಸಿ, ಆ ಗುಲಾಬಿ ಬಣ್ಣದ ದ್ರವ ಹರಿದುಹೋಗಿ ನೀರು ತಿಳಿಯಾಗುವವರೆಗೆ, ಹಿಂದಿನ ಬೇಸಿಗೆಯ ಪುಟಗಳನ್ನು ಅವಳು ಗಟ್ಟಿಯಾಗಿ ಓದಬೇಕು, ಅವನು ಕೇಳಬೇಕು. ಓದಿನ ಮುಕ್ಕಾಲು ಪಾಲು ಅವನಿಗೇ ಬೈಗುಳ. ಇಪ್ಪತ್ತೆರಡು ವರ್ಷ ಅವನು ಅದನ್ನು ಸನ್ಮಾನ ಪತ್ರದಂತೆ ಕೇಳಿಸಿಕೊಂಡಿದ್ದ.

ಸ್ತೆಫಾ ಫೆಬ್ರವರಿಯಲ್ಲಿ ತೀರಿಕೊಂಡಳು. ಮಣ್ಣು ಮಾಡಿ ಬಂದ ಮರುದಿನವೇ ಆ ಪುಸ್ತಕ ತರಲು ಓಸ್ತಾಪ್ ಹೊರಟಿದ್ದ. ಅವನದು ಎಲ್ಲಕ್ಕಿಂತ ಮೊದಲು ಒಳಹೋದ ಗಾಡಿ, ಎದುರಿಗೆ ಒಂಬತ್ತು ಗಾಡಿಗಳು ಒತ್ತಿ ನಿಂತಿದ್ದವು. ಹೊರಗೆ ಎದೆಮಟ್ಟದ ಹಿಮ. ಹಿಂತಿರುಗಿದ. ಎರಡು ತಿಂಗಳು ಅವಳ ಆ ಕೊನೆಯ ಬೇಸಿಗೆಗಾಗಿ ಕಾದ. ಅವಳ ದನಿಯಲ್ಲಿ ಇನ್ನು ಉಳಿದಿದ್ದುದು ಅದೊಂದೇ.

ಕೊನೆಗೆ ಗಾಡಿ ಹೊರಬಂದ ಬೆಳಿಗ್ಗೆ ಹಿಲ್ಡಾ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏನಯ್ಯಾ ದಂಡನಾಯಕ, ಗಡ್ಡ ಕೆರ್ಕೊಂಡು ಬಂದಿದೀಯ? ಯಾರ ಮದ್ವೆ?"

"ನಿಂದೇ ಇರ್ಬೇಕು. ಹುಡ್ಗ ಇನ್ನೂ ಸಿಕ್ಕಿಲ್ಲ, ಅಷ್ಟೆ."

"ಬ್ಯಾಟರಿ ಹಾಕಿದ್ಯಾ?"

"ಹಾಕ್ದೆ. ಟೈರಿಗೆ ಗಾಳಿ ಹೊಡ್ದೆ. ನೀರಿನ ಟ್ಯಾಂಕು ತುಂಬ್ಸಿದೀನಿ. ನಲ್ಲಿ ಬಿಟ್ಟು ಓದಕ್ಕೆ ಕೂತ್ಕೋತೀನಿ. ಮಧ್ಯೆ ಬಾಯಿ ಹಾಕ್ಬೇಡ."

ಬಾಗಿಲು ತೆಗೆದ. ಪುದೀನದ ವಾಸನೆಯ ಕೆಳಗೆ ಇನ್ನೊಂದು ವಾಸನೆ ಇತ್ತು. ಇಪ್ಪತ್ತೆರಡು ವರ್ಷದ ಯೋಧನಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ನಲ್ಲಿ ತಿರುಗಿಸಿ, ಗುಲಾಬಿ ಬಣ್ಣದ ನೀರನ್ನು ಸಣ್ಣಗೆ ಸುರಿಯಲು ಬಿಟ್ಟು, ಮಂಡಿಯೂರಿ ಪೆಟ್ಟಿಗೆಯ ಮುಚ್ಚಳ ಎತ್ತಿದ.

ತಾಯಿ ಇಲಿ ಚಂಗನೆ ಹಾರಿ ಓಡಿತು. ಪೆಟ್ಟಿಗೆಯ ಮೂಲೆಯಲ್ಲಿ ದುಂಡನೆಯ, ಬೆಚ್ಚನೆಯ, ಬಿಳಿಯ ಗೂಡು. ಒಳಗೆ ಕಣ್ಣು ಬಿಡದ ಆರು ಮರಿ. ಗೂಡಿನ ತುಂಬ ಚೂರು ಚೂರು ಸ್ತೆಫಾಳ ಕೈಬರಹ.

ಹಿಲ್ಡಾ ಅವನ ಹೆಗಲ ಮೇಲಿಂದ ಬಗ್ಗಿ ನೋಡಿದಳು. "ಅಯ್ಯೋ ದೇವ್ರೇ. ಎಲ್ಲಿಂದ ಬಂತಯ್ಯಾ ಇದು? ಎಲ್ಲಾ ತೂತೂ ಮುಚ್ಚಿರ್ತೀಯಲ್ಲ ನೀನು?"

"ಗ್ಯಾಸ್ ಪೈಪಿನ ಹತ್ರ ಒಂದು ತೂತಿದೆ. ಅದಕ್ಕೆ ನನ್ ಕೈ ಹೋಗಲ್ಲ. ಅವಳೇ ಮುಚ್ತಿದ್ಲು." ಪೆಟ್ಟಿಗೆಯ ಮುಚ್ಚಳವನ್ನು ಪಕ್ಕಕ್ಕಿಟ್ಟ. "ಅಕ್ಟೋಬರಲ್ಲಿ ಕಂಬಳಿ ಹೊದ್ಕೊಂಡು ಪಿಕಪ್ಪಲ್ಲಿ ಕೂತಿದ್ಲು. ಗಡಗಡ ನಡುಗ್ತಿದ್ಲು. ಅದನ್ನ ಮುಚ್ಚಿದ್ಯಾ ಅಂತ ಕೇಳಿದ್ಲು. ಇಲ್ಲ ಅಂದಿದ್ರೆ ಎದ್ದು ಬಂದ್ಬಿಡೋಳು. ಮುಚ್ದೆ ಅಂದೆ."

ಹಿಲ್ಡಾಳ ಬಾಯಿ ಆ ಜಿಲ್ಲೆಯಲ್ಲೇ ಹೆಸರುವಾಸಿ. ಈ ಸಲ ಮುಂದಾದದ್ದು ಅವಳ ಕೈ, ಗೂಡಿನ ಪಕ್ಕದಿಂದ ಪುಸ್ತಕವನ್ನೆತ್ತಿ ಅವನಿಗೆ ಕೊಟ್ಟಳು.

ಇಲಿಗಳು ಪುಟಗಳನ್ನು ಹೊರಗಿನಿಂದ ತಿನ್ನುತ್ತ ಹೊಲಿಗೆಯ ಕಡೆಗೆ ಬಂದಿದ್ದವು. ಎರಡು ಬೆರಳಿನಗಲದ ಪಟ್ಟಿಯಷ್ಟೇ ಉಳಿದಿತ್ತು. ಸಾಲಿಗೆ ಒಂದೋ ಎರಡೋ ಪದ. ಓಸ್ತಾಪ್ ಬೆಂಚಿನ ಮೇಲೆ ಕೂತು, ಕನ್ನಡಕ ಏರಿಸಿ, ಕಟ್ಟಳೆಯಂತೆ ಗಟ್ಟಿಯಾಗಿ ಓದತೊಡಗಿದ.

"ಜೂನ್ ಹನ್ನೊಂದು. ಓಸ್ತಾಪ್. ಮತ್ತೆ. ಸಾಸೇಜು. ಓಸ್ತಾಪ್. ನೂರು ಸಲ."

"ಬೈಗುಳ," ಎಂದಳು ಹಿಲ್ಡಾ. "ಗ್ಯಾರಂಟಿ."

"ಸಾಸೇಜು ಸುಟ್ಟು ಹಾಕಿದ್ದೆ." ಅವನ ಮುಖ ಕ್ಷಣಕಾಲ ಅರಳಿತು. "ಜೂನ್ ಇಪ್ಪತ್ತು. ಸರೋವರ. ಸೊಳ್ಳೆ. ಓಸ್ತಾಪ್." ಹಾಳೆ ಮಗುಚಿದ. "ಜುಲೈ ಎಂಟು. ಬೆಳಿಗ್ಗೆ. ನೋವು. ಅವನಿಗೆ."

ಅಲ್ಲಿಗೆ ಸಾಲು ಹರಿದಿತ್ತು. ತಾರೀಕಿನ ಮೇಲೆ ಬೆರಳಿಟ್ಟು ಇನ್ನೊಮ್ಮೆ ನೋಡಿದ.

"ಸೆಪ್ಟೆಂಬರ್‌ವರೆಗೂ ಅವಳಿಗೆ ಏನೂ ಇರ್ಲಿಲ್ಲ, ಹಿಲ್ಡಾ. ಸೆಪ್ಟೆಂಬರಲ್ಲೇ ಶುರುವಾಗಿದ್ದು. ಡಾಕ್ಟರೂ ಅದನ್ನೇ ಕೇಳಿದ್ರು, ಎಷ್ಟು ದಿನದಿಂದ ಅಂತ. ಒಂದು ವಾರ ಅಂದೆ."

"ಓಸ್ತಾಪ್..."

"'ಅವನಿಗೆ' ಆದ್ಮೇಲೆ ಏನು?"

ಮ್ಯಾನಿಟೋಬಾದ ಇಲಿಗಳ ಕಡುವೈರಿ ಆಮೇಲೆ ಮಾಡಿದ್ದನ್ನು ಕಂಡಿದ್ದರೆ ಆ ಕುಲ ವಿಜಯೋತ್ಸವ ಮಾಡುತ್ತಿತ್ತು. ಕೈಚೀಲದಿಂದ ತನ್ನ ಉಣ್ಣೆಯ ಸ್ವೆಟರ್ ತೆಗೆದು ಪೆಟ್ಟಿಗೆಯಲ್ಲಿ ಹಾಸಿದ. ಚಮಚದಿಂದ ಒಂದೊಂದೇ ಮರಿಯನ್ನು ಎತ್ತಿ ಅದರ ಮೇಲಿಟ್ಟ. "ತಳ್ಳಾಡ್ಬೇಡ್ರೋ," ಎಂದು ಬಸ್ಸಿನ ಮಕ್ಕಳನ್ನು ಗದರುವ ದನಿಯಲ್ಲಿ ಗದರಿದ. ನಂತರ ಗೂಡನ್ನು ಮೇಜಿನ ಮೇಲಿಟ್ಟು ಇಬ್ಬರೂ ಎಳೆಎಳೆಯಾಗಿ ಬಿಡಿಸಿದರು. ಬಹಳಷ್ಟು ಹಿಂಜಿದ ಹತ್ತಿಯಂತಾಗಿತ್ತು. ಕೆಲವು ಚೂರುಗಳಲ್ಲಿ ಅಕ್ಷರ, ಒಂದೆರಡರಲ್ಲಿ ಪೂರ್ತಿ ಪದ. ಹಿಲ್ಡಾ ಒಂದೊಂದನ್ನೂ ಜುಲೈ ಎಂಟರ ಹರಿದ ಅಂಚಿಗೆ ಹಿಡಿದು ನೋಡಿದಳು.

ಮಧ್ಯಾಹ್ನ ಕಳೆದ ಮೇಲೆ ಬೆರಳುದ್ದದ ಒಂದು ಚೂರು ಹಲ್ಲಿಗೆ ಹಲ್ಲು ಕೂಡಿಕೊಂಡಿತು.

"ನೋವು. ಅವನಿಗೆ ಹೇಳಲಿಲ್ಲ. ಹಾಡುತ್ತಾ ಓಡಿಸುತ್ತಿದ್ದ."

ಓಸ್ತಾಪ್ ಅದನ್ನು ಗಟ್ಟಿಯಾಗಿ ಓದಲಿಲ್ಲ. ಹಿಲ್ಡಾ ಓದಿದಳು, ಅವನು ಕೇಳಿದ.

"ನಾನು ಯಾವಾಗ್ಲೂ ಹಾಡ್ತಿದ್ನಾ?"

"ಯಾವಾಗ್ಲೂ. ನೀನು ಬರೋದು ಎರಡು ಮೈಲಿ ಆಚೆಯಿಂದ್ಲೇ ಗೊತ್ತಾಗ್ತಿತ್ತು. ನನ್ ಕೋಳಿಗಳು ಹೆದರಿ ಒಳಗ್ ಹೋಗೋವು."

"ಒಂದು ದಿನ ಬಾಯಿ ಮುಚ್ಕೊಂಡು ಓಡಿಸಿದ್ರೆ ಹೇಳೋಳಲ್ವಾ?"

ಹಿಲ್ಡಾ ಆ ಚೂರು ಹಾರದಂತೆ ಅದರ ಮೇಲೆ ಉಪ್ಪಿನ ಡಬ್ಬಿ ಇಟ್ಟಳು.

ನಲ್ಲಿಯ ನೀರು ತಿಳಿಯಾಗಿ, ಓದು ಮುಗಿಯಬೇಕಾದ ಗಳಿಗೆ ದಾಟಿ ಎಷ್ಟೋ ಹೊತ್ತಾಗಿತ್ತು.