ಬೀಗರ ಎರಡನೆಯ ಫೋನು

ತಮ್ಮನ ಮೆಟಲ್ ಡಿಟೆಕ್ಟರ್ ಕೆರೆಯಂಗಳದಲ್ಲಿ ಕುಂಯ್ ಕುಂಯ್ ಎನ್ನುತ್ತಿತ್ತು; ಕಬ್ಬಿಣ ಸಿಕ್ಕಲ್ಲಿ ಆ ಟೋನ್ ಚೂಪಾಗುತ್ತಿತ್ತು. ಸೈನ್ಯದಿಂದ ನಿವೃತ್ತನಾದ ಮೇಲೆ ಅವನು ಹೂತುಹೋದ, ಸಿಡಿಯದ ಮದ್ದುಗುಂಡು ಹುಡುಕುವ ತಂಡದಲ್ಲಿದ್ದ. ದುಂಡಸಿ ಹತ್ತಿರದ ಕೆರೆಯ ಹೂಳಿನಲ್ಲಿ ಹಳೆಯ ಶೆಲ್ಲುಗಳು ಸಿಕ್ಕಾಗ ಆ ಕೆಲಸಕ್ಕೆ ಇಲ್ಲಿಗೇ ಬಂದ.

ಅವನದೊಂದೇ ರೂಲ್: ಕೆರೆಯೊಳಗೆ ಮೊಬೈಲ್ ತರಕೂಡದು. “ಫೋನಿನ ಸಿಗ್ನಲ್ ಶೆಲ್ ಸಿಡಿಸೋ ಕೇಪಿನ ವೈರಿಗೆ ತಾಗಿದ್ರ ಕರೆಂಟ್ ಹರೀತೈತಿ, ಕೇಪು ಹಾರತೈತಿ,” ಎನ್ನುತ್ತಿದ್ದ.

ಊಟ ತಂದ ನನ್ನ ರೊಟ್ಟಿಬುಟ್ಟಿಯಲ್ಲೇ ಎಲ್ಲರ ಫೋನ್. ಕೆರೆಯ ಏರಿಯ ಮೇಲೆ ಕುಳಿತು, ಟೀಚರ್ ಆಗಿದ್ದ ಧಿಮಾಕಿನಿಂದ ಗಂಡಸರ ಕಿಸೆಯನ್ನೂ ತಡಕುತ್ತಿದ್ದೆ. ಹೂಳೆತ್ತುವ ಗುತ್ತಿಗೆದಾರರನ್ನು ಮಾತ್ರ ತಡಕಲಿಲ್ಲ. ಅವರು ನನ್ನ ಮಗಳ ಮಾವ. ಬೀಗರ ಕಿಸೆಗೆ ಕೈ ಹಾಕುವುದುಂಟೇ?

“ರೊಟ್ಟಿ ಕೊಡೂದು ಬಿಟ್ಟು ಫೋನ್ ಕಸಗೊಂತೀರಲ್ರೀ ಬೀಗತ್ತಿಯವರ!” ಎಂದು ನಗುತ್ತ ಒಂದು ಫೋನ್ ಹಾಕಿ ಕೆಳಗಿಳಿದರು.

ಸ್ವಲ್ಪ ಹೊತ್ತಿಗೆ ಕೆರೆಯೊಳಗೆ, ತಮ್ಮನ ಪಕ್ಕದ ಜಾಲಿಮರದ ಹಿಂದಿನಿಂದ ಅವರದೇ ದನಿ: “ಹಲೋ, ಟ್ರ್ಯಾಕ್ಟರ್ ಕಳಸ್ರಿ.” ನಾನು ಏಳುವಷ್ಟರಲ್ಲಿ ಢಮ್ಮೆಂದಿತು. ಹಾರಿದ್ದು ಕೇಪು ಮಾತ್ರ. ಶೆಲ್ಲೇ ಸಿಡಿದಿದ್ದರೆ ತಮ್ಮ ಉಳಿಯುತ್ತಿರಲಿಲ್ಲ. ಅವನ ಎರಡು ಬೆರಳು ಹೋದವು, ಎರಡೂ ಕಿವಿ ಕೇಳದಾದವು.

ವಿಚಾರಣೆಯಲ್ಲಿ ಬೀಗರು, “ನನ್ನ ಫೋನ್ ಬುಟ್ಟ್ಯಾಗಿತ್ರಿ. ಬೇಕಾರ ಬೀಗತ್ತಿಯವ್ರನ್ನ ಕೇಳ್ರಿ,” ಎಂದರು. ಇತ್ತು, ನಿಜ. ಇನ್ನೊಂದರಲ್ಲಿ ಮಾತಾಡಿದ್ದು ಕೇಳಿದೆ ಎಂದೆ. ಅಕ್ಕ ತಮ್ಮನ ಪರವಾಗಿಯೇ ಹೇಳುತ್ತಾಳೆ ಎಂದು ಅಧಿಕಾರಿಗಳು ಅದನ್ನು ಬಿಟ್ಟರು. ತಮ್ಮನೇ ಕೇರ್‌ಲೆಸ್ ಎಂದು ಬರೆದುಕೊಂಡರು.

ನಾನು ಓದಿದ ಕಾನ್ವೆಂಟಿನ ಸಿಸ್ಟರ್‌ಗಳು ಫರ್‌ಗಿವ್‌ನೆಸ್ ಕಲಿಸಿದ್ದರು. ಆ ಪಾಠ ನನಗೆ ಹತ್ತಲಿಲ್ಲ. ಸೀಮಂತವಿರಲಿ, ಗೃಹಪ್ರವೇಶವಿರಲಿ, ಬೀಗರು ಕಂಡಲ್ಲೆಲ್ಲ ಅದೇ ಬುಟ್ಟಿ ಹಿಡಿದು ಎದುರು ನಿಂತೆ. “ಎರಡನೇದ್ದು ಹಾಕ್ರಿ, ಬೀಗರ.” ಮೊದಮೊದಲು ಜನ ನಕ್ಕರು. ಆಮೇಲೆ ಬೀಗರು ಹಾನಗಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡರೆ ಕಂಬದ ಮರೆಗೆ ಸರಿಯತೊಡಗಿದರು.

“ಸಾಕು ಮಾಡವ್ವಾ, ಮಾವಾರು ಊಟ ಬಿಟ್ಟಾರ,” ಎಂದು ಮಗಳು ಕೈಮುಗಿದಳು. ಕೇಳಿ ಹಿತವಾಯಿತು. ಸುಳ್ಳೇಕೆ ಹೇಳಲಿ?

ಕೊನೆಯ ಸಲ ಅವರನ್ನು ಕಂಡದ್ದು ತಿಳವಳ್ಳಿಯ ಒಂದು ಮದುವೆಯ ಪಂಕ್ತಿಯಲ್ಲಿ. ತಮ್ಮನೂ ನನ್ನ ಜೊತೆಗಿದ್ದ. ಬುಟ್ಟಿ ಚಾಚಿದೆ. ಒಂದು ಫೋನ್ ಹಾಕಿದರು. ನಾನು ಕದಲಲಿಲ್ಲ. ಅಂಗಿಯ ಒಳಕಿಸೆಯಿಂದ ಇನ್ನೊಂದು ತೆಗೆದು ಹಾಕಿದರು.

“ಅವತ್ತೂ ಇತ್ರಿ,” ಎಂದರು, ತಲೆ ತಗ್ಗಿಸಿ.

“ನನಗಲ್ಲ. ಅವನ ಕಡೆ ತಿರುಗಿ ಹೇಳ್ರಿ, ತುಟಿ ಕಾಣಲಿ.”

ತಿರುಗಿ ಹೇಳಿದರು. ತಮ್ಮ ಅವರ ತುಟಿಯನ್ನೇ ನೋಡಿದ. ಬಡಿಸಿದ ಎಲೆ ಬಿಟ್ಟು ಬೀಗರು ಎದ್ದು ಹೋದರು. ಫೋನುಗಳನ್ನು ಕೇಳಲಿಲ್ಲ, ನಾನೂ ಕರೆದು ಕೊಡಲಿಲ್ಲ.