ಜೀಪು ಹತ್ತಿದ ಹುಂಜ

ಘಟ್ಟದ ಮೇಲೆ ಕೆರೆ ಇರುವ ಒಂದು ಪೇಟೆಗೆ ಕಾಡುದಾರಿಯಲ್ಲೇ ಹೋಗಿ ಬರುವ ಅಂತ ಬೆಳ್ತಂಗಡಿಯ ನಾವು ಕೆಲವು ಮಾಷ್ಟ್ರುಗಳು ತೀರ್ಮಾನಿಸಿದೆವು. ಅದು ಬಸ್ಸು ಹೋಗದ ದಾರಿ. ಲಾಯಿಲದ ಸಂಜೀವಣ್ಣನಲ್ಲಿ ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಮಾರಿದ ಜೀಪು ಇತ್ತು. ಬಾಡಿಗೆಗೆ ಕೇಳಿದಾಗ ಕಲ್ಲು, ಹೊಳೆ, ಆನೆ ಯಾವುದಕ್ಕೂ ಸಂಜೀವಣ್ಣ ತಕರಾರು ಮಾಡಲಿಲ್ಲ. ಊಟಕ್ಕೆ ಏನು ಅಂತ ಮಾತ್ರ ಕೇಳಿದರು.

“ಕೋಳಿ ಸುಕ್ಕ, ರೊಟ್ಟಿ” ಅಂದೆ.

“ಆಗುವುದಿಲ್ಲ ಮಾಷ್ಟ್ರೆ. ದಾರಿಯಲ್ಲಿ ದೈವದ ಕಲ್ಲು ಉಂಟು. ಬೇಯಿಸಿದ ಮಾಂಸ ಅದರ ಎದುರು ದಾಟಿಸುವ ಹಾಗಿಲ್ಲ.”

“ಇದೇ ಜೀಪಿನಲ್ಲಿ ಸೋಲ್ಜರುಗಳು ಏನೆಲ್ಲ ತಿಂದಿರಬಹುದು ಮಾರಾಯ್ರೆ.”

“ಆಗ ಅದು ನನ್ನದಲ್ಲ.”

ಜೀವಂತ ಕೋಳಿ ಆದೀತೇ ಅಂತ ಕೇಳಿದೆ. ಧಾರಾಳ ಆಗ್ತದೆ ಅಂದರು. ಕೆರೆಯ ದಂಡೆಯಲ್ಲೇ ಅಡುಗೆ ಮಾಡುವ ಅಂತ ಮಸಾಲೆ ಅರೆಸಿಕೊಂಡು, ಒಂದು ದೊಡ್ಡ ಹುಂಜದ ಕಾಲು ಕಟ್ಟಿ ಜೀಪಿಗೆ ಹತ್ತಿಸಿದೆವು.

ದೈವದ ಕಲ್ಲಿನ ಹತ್ತಿರ ಸಂಜೀವಣ್ಣ ಜೀಪು ನಿಲ್ಲಿಸಿ, ಚಪ್ಪಲಿ ಬಿಚ್ಚಿ ಕೈಮುಗಿದರು. ಆಮೇಲೆ ಹಿಂದೆ ಬಂದು ಹುಂಜವನ್ನು ಎತ್ತಿಕೊಂಡರು.

“ಅದು ನಮ್ಮ ಊಟಕ್ಕೆ” ಅಂದೆ.

“ದೈವದ ಎದುರಿಗೆ ಹುಂಜ ತಂದು ವಾಪಸು ಕೊಂಡುಹೋಗುವ ಕ್ರಮ ಉಂಟಾ ಮಾಷ್ಟ್ರೆ?” ಅಂತ ಹೇಳಿ, ಕಾಲಿನ ಹಗ್ಗ ಬಿಚ್ಚಿ ಬಿಟ್ಟೇಬಿಟ್ಟರು.

ಆ ಕ್ರಮ ನಮಗೆ ಗೊತ್ತಿಲ್ಲದ್ದೇನಲ್ಲ. ಮಸಾಲೆಯ ಪರಿಮಳದಲ್ಲಿ ಮರೆತುಹೋಗಿತ್ತು. ಕೆರೆಯ ದಂಡೆಯಲ್ಲಿ ಬರೀ ಮಸಾಲೆ ಕುದಿಸಿ, ಅದಕ್ಕೆ ರೊಟ್ಟಿ ಅದ್ದಿ ತಿಂದೆವು.

ಮರುವರ್ಷ ಜೀಪು ಗೊತ್ತುಮಾಡುವ ಮೊದಲು, ದೈವದ ಕಲ್ಲಿಲ್ಲದ ದಾರಿ ಹುಡುಕುವ ಅಂತ ಹೊರಟೆವು. ನಮ್ಮ ತಾಲೂಕಿನಲ್ಲಿ ಅಂಥದ್ದು ಇನ್ನೂ ಸಿಕ್ಕಿಲ್ಲ.